ಜೇಡದ ವಿಷ, ಸಂಘದ ಶಟರ್

ನನ್ನ ಮಗಳು ಜೇಡದ ವಿಷದ ಮೇಲೆ ಡಾಕ್ಟರೇಟ್ ಮಾಡಿದ್ದಾಳೆ. ಈ ಮಾತನ್ನು ನಾನು ಹೇಳದ ಅಂಗಡಿ ಡೊಂಬಿವಲಿಯಲ್ಲಿ ಉಳಿದಿಲ್ಲ. ಶಟರ್ ರಿಪೇರಿಗೆ ಎಲ್ಲಿಗೆ ಹೋದರೂ ಏಣಿಯ ಮೇಲೆ ನಿಂತು, ಕೈಯಲ್ಲಿ ಪೈಪ್ ತಿರುಗಿಸುವ ಪಾನಾ ಹಿಡಿದುಕೊಂಡೇ ಹೇಳಿಬಿಡುತ್ತೇನೆ. ಕೇಳಿದವರಲ್ಲಿ ಅರ್ಧ ಜನ ಬೆರಗಾಗುತ್ತಾರೆ. ಉಳಿದರ್ಧ ಜನ ಅಂಗಡಿಯ ಮೂಲೆಗೆ ಕೈ ತೋರಿಸಿ, ಜೇಡ ಬೇಕಾದರೆ ನಮ್ಮಲ್ಲೇ ಬೇಕಾದಷ್ಟಿವೆ, ಮಗಳನ್ನು ಕರೆದುಕೊಂಡು ಬಾ ಎಂದು ನಗುತ್ತಾರೆ. ನಗಲಿ. ನಕ್ಕವರ ಶಟರನ್ನೂ ನಾನು ಅಷ್ಟೇ ಚೆನ್ನಾಗಿ ರಿಪೇರಿ ಮಾಡುತ್ತೇನೆ.

ನಾನು ವಿಜಯಪುರ ಜಿಲ್ಲೆಯವನು. ಆರನೇ ತರಗತಿಗೇ ಶಾಲೆ ಬಿಟ್ಟು, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪನ ಹಿಂದೆ ಬಂದವನು. ಅಪ್ಪ ನನಗೆ ಮೂಟೆ ಹೊರಿಸಲಿಲ್ಲ. ಒಬ್ಬ ಶಟರ್ ಮಿಸ್ತ್ರಿಯ ಕೈಗೆ ಒಪ್ಪಿಸಿದ. ಆ ಕೈಯಿಂದ ಕಲಿತದ್ದನ್ನೇ ಇವತ್ತಿನವರೆಗೆ ಉಣ್ಣುತ್ತಿದ್ದೇನೆ, ಹೊಟ್ಟೆತುಂಬ ಉಣ್ಣುತ್ತಿದ್ದೇನೆ. ಠಾಣೆಯ ವರ್ತಕ ನಗರದಲ್ಲಿ, ಘಣಸೋಲಿಯ ಹಳೆ ಊರಿನಲ್ಲಿ, ಖಾರಘರದ ಹೊಸ ಬಿಲ್ಡಿಂಗುಗಳ ಕೆಳಗಿನ ಅಂಗಡಿಗಳಲ್ಲಿ ಬೆಳಿಗ್ಗೆ ಶಟರ್ ಏಳುವ ಸದ್ದು ಕೇಳಿದರೆ ಸಾಕು, ನಾನು ಕೂರಿಸಿದ್ದು ಯಾವುದು, ಬೇರೆಯವನದು ಯಾವುದು ಎಂದು ಬೀದಿಯಲ್ಲಿ ನಡೆಯುತ್ತಲೇ ಹೇಳಬಲ್ಲೆ. ಶಾಲೆ ಬಿಟ್ಟೆನೆಂದು ಯಾರಾದರೂ ಕನಿಕರ ತೋರಿಸಲು ಬಂದರೆ ನನಗೆ ನಗು ಬರುತ್ತದೆ.

ಶಟರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಇಲ್ಲದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ಅಂಗಡಿಯವನು ಬಗ್ಗಿ ಹಿಡಿಕೆ ಹಿಡಿದು ಎತ್ತುತ್ತಾನೆ, ಶಟರ್ ಗಡಗಡ ಮೇಲೆ ಹೋಗುತ್ತದೆ. ತಾನೇ ಎತ್ತಿದೆ ಎಂದುಕೊಳ್ಳುತ್ತಾನೆ. ಎತ್ತುವುದು ಅವನಲ್ಲ, ಮೇಲಿನ ಪೈಪಿನೊಳಗೆ ಸುತ್ತಿಕೊಂಡು ಕೂತ ಸ್ಪ್ರಿಂಗು. ಅವನ ಕೈ ಬರೀ ಸನ್ನೆ ಕೊಡುತ್ತದೆ. ಆ ಸ್ಪ್ರಿಂಗಿನ ಬಿಗಿ ಸಡಿಲವಾದರೆ ಅದೇ ಶಟರ್ ಎಮ್ಮೆಯಂತೆ ಭಾರವಾಗಿ ಕೂತುಬಿಡುತ್ತದೆ. ಆಗ ಜನ ಮಾಡುವ ದೊಡ್ಡ ತಪ್ಪೆಂದರೆ ಬಲ ಹಾಕುವುದು. ಇಬ್ಬರು ಮೂವರು ಸೇರಿ ಎತ್ತಲು ಹೋಗಿ ಪಟ್ಟಿ ಸೊಟ್ಟ ಮಾಡಿಕೊಳ್ಳುತ್ತಾರೆ, ಬೆರಳು ಜಜ್ಜಿಸಿಕೊಳ್ಳುತ್ತಾರೆ. ಅದಕ್ಕೇ ನಾನು ಕೂರಿಸಿದ ಪ್ರತಿ ಶಟರಿನ ಒಳಮೈಗೆ ಒಂದು ಸ್ಟಿಕರ್ ಅಂಟಿಸುತ್ತೇನೆ. ಜೋರು ಹಾಕಬೇಡಿ, ಮಿಸ್ತ್ರಿಯನ್ನು ಕರೆಯಿರಿ ಎಂದು ಮರಾಠಿಯಲ್ಲೂ ಹಿಂದಿಯಲ್ಲೂ ಬರೆಸಿದ್ದೇನೆ. ಮನೆಯಲ್ಲೂ ಅದೇ ನನ್ನ ಮಾತು. ಮಗಳು ಚಿಕ್ಕವಳಿದ್ದಾಗ ಡಬ್ಬಿಯ ಮುಚ್ಚಳ ತೆಗೆಯಲಿ, ಕಪಾಟಿನ ಬಾಗಿಲು ಎಳೆಯಲಿ, ನನ್ನ ಬಾಯಿಂದ ಮೊದಲು ಬರುತ್ತಿದ್ದದ್ದು "ಜೋರ್ ಹಾಕಬ್ಯಾಡ".

ಇನ್ನು ಸಂಘದ ವಿಷಯ. ಇಲ್ಲಿ ಡೊಂಬಿವಲಿಯಲ್ಲಿ ಒಂದು ಕನ್ನಡ ಸಂಘವಿದೆ. ಉಡುಪಿ, ಮಂಗಳೂರು ಕಡೆಯ ಹೋಟೆಲಿನವರು, ಆಫೀಸಿನವರು ಹೆಚ್ಚು. ನಮ್ಮಂಥ ಬಯಲುಸೀಮೆಯವರು ಹಿಂದಿನ ಸಾಲಿನಲ್ಲಿ ಸಿಗುತ್ತೇವೆ. ಪ್ರತಿ ಚಳಿಗಾಲದ ವಾರ್ಷಿಕೋತ್ಸವದಲ್ಲಿ ಓದಿನಲ್ಲಿ ಮುಂದೆ ಬಂದ ಸದಸ್ಯರ ಮಕ್ಕಳಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ವರ್ಷ ವರ್ಷವೂ ನಾನು ಆ ಶಾಲು ಬೇರೆಯವರ ಮಕ್ಕಳ ಹೆಗಲ ಮೇಲೆ ಬೀಳುವುದನ್ನು ನೋಡಿ ಚಪ್ಪಾಳೆ ತಟ್ಟಿದವನು. ಮಗಳಿಗೆ ಡಾಕ್ಟರೇಟ್ ಬಂತು ಎಂದ ಕೂಡಲೇ ನನ್ನ ಕಣ್ಣಿಗೆ ಕಟ್ಟಿದ್ದು ವಿಶ್ವವಿದ್ಯಾಲಯದ ನಿಲುವಂಗಿಯಲ್ಲ, ಆ ಶಾಲು.

ಸಂಘದ ಕಾರ್ಯದರ್ಶಿ ಸ್ಟೇಷನ್ ಹತ್ತಿರ ಹೋಟೆಲ್ ನಡೆಸುವವರು. ಅವರ ಹೋಟೆಲಿನ ಶಟರೂ ನನ್ನದೇ. ಹೋಗಿ ವಿಷಯ ಹೇಳಿದೆ. ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಕೈ ಕುಲುಕಿದರು.

"ಸಂತೋಷದ ಸುದ್ದಿ ಮಾರಾಯ್ರೆ. ಶಾಲು ಕೊಡುವ, ಅದರಲ್ಲಿ ಎಂತ ಪ್ರಶ್ನೆ! ಆದ್ರೆ ನಿಯಮ ನಿಮಗೆ ಗೊತ್ತುಂಟಲ್ಲ? ಸನ್ಮಾನ ಆದವರು ಮೈಕಿನಲ್ಲಿ ಕನ್ನಡದಲ್ಲೇ ಮಾತಾಡ್ಬೇಕು, ತಮ್ಮ ಓದಿನ ವಿಷಯ ಹೇಳ್ಬೇಕು. ನಿಮ್ಮ ಮಗಳಿಗೆ ಕನ್ನಡ ಬರ್ತದಾ?"

"ಎಲ್ಲಾ ತಿಳೀತದರೀ ಆಕಿಗೆ."

"ತಿಳಿಯುದು ಬೇರೆ, ಮಾತಾಡುದು ಬೇರೆ. ನನ್ನ ಮಗನಿಗೂ ತಿಳೀತದೆ. ಬಾಯಿ ಬಿಟ್ರೆ ಮರಾಠಿ."

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಕನ್ನಡದಲ್ಲಿ ಕೇಳುತ್ತೇವೆ, ಮಗಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಹೀಗೇ ಅವಳು ದೊಡ್ಡವಳಾದಳು. ಅದಕ್ಕೆ ಒಂದು ಕಾರಣವೂ ಇದೆ. ಚಿಕ್ಕವಳಿದ್ದಾಗ ಇದೇ ಸಂಘದ ಒಂದು ರಸಪ್ರಶ್ನೆಯಲ್ಲಿ ಯಾರೋ ಏನೋ ಕೇಳಿದಾಗ ಅವಳು ಮೈಕಿಗೆ ಬಾಯಿ ಹಚ್ಚಿ, ಅವರವ್ವ ಅಡಿಗೆಮನೆಯಲ್ಲಿ ಆಡುವ ಮಾತಿನಲ್ಲೇ "ಹಂಗಲ್ರೀ ಅದು" ಎಂದಿದ್ದಳು. ಸಭೆ ಗೊಳ್ಳೆಂದು ನಕ್ಕಿತು. ಕೆಟ್ಟ ಮನಸ್ಸಿನಿಂದಲ್ಲ, ಮುದ್ದಿಗೇ ನಕ್ಕರು. ಆದರೆ ಮಗುವಿಗೆ ಯಾವ ನಗು ಯಾವುದೆಂದು ಏನು ಗೊತ್ತು? ಅವತ್ತಿನಿಂದ ಕನ್ನಡ ಅವಳ ಕಿವಿಯಲ್ಲೇ ಉಳಿಯಿತು, ಬಾಯಿಗೆ ಬರಲಿಲ್ಲ.

ಮನೆಗೆ ಬಂದು ಹೇಳಿದೆ. ಮಗಳು ತಲೆ ಎತ್ತದೆ, "ಪಪ್ಪಾ, ಮೈ ಸ್ಟೇಜ್ ಪೇ ಕನ್ನಡ ನಹೀ ಬೋಲೂಂಗಿ" ಎಂದಳು. ವೇದಿಕೆಯ ಮೇಲೆ ಕನ್ನಡ ಆಡುವುದಿಲ್ಲವಂತೆ, ಶಾಲು ಇಲ್ಲದಿದ್ದರೂ ಡಿಗ್ರಿ ಎಲ್ಲಿಗೂ ಹೋಗುವುದಿಲ್ಲವಂತೆ.

"ಹಂಗಾರ ನಾನೇ ಮಾತಾಡ್ತೀನಿ," ಎಂದುಬಿಟ್ಟೆ.

"ಏನಂತ ಮಾತಾಡ್ತೀರಿ? ಮಗಳು ಜ್ಯಾಡ ಹಿಡೀತಾಳ ಅಂತ?" ಹೆಂಡತಿ ಕೇಳಿದಳು.

"ಆಕಿ ಏನ್ ಮಾಡ್ಯಾಳೋ ಅದನ್ನ. ಪೂರಾ. ಕನ್ನಡದಾಗ."

ಮಗಳು ಈಗ ತಲೆ ಎತ್ತಿದಳು. ನಗು ತಡೆದುಕೊಂಡಿದ್ದಳು. "ಠೀಕ್ ಹೈ. ಲೇಕಿನ್ ಗಲತ್ ಬೋಲಾ, ತೋ ವಹೀಂ ಖಡೀ ಹೋಕೇ ಟೋಕೂಂಗಿ." ತಪ್ಪು ಹೇಳಿದರೆ ಸಭೆಯಲ್ಲೇ ಎದ್ದು ನಿಂತು ತಡೆಯುತ್ತಾಳಂತೆ. ಟೋಕ್ ನೋಡೋಣ ಎಂದೆ.

ಕಾರ್ಯದರ್ಶಿಗಳು ಸಮಿತಿಯಲ್ಲಿ ಕೇಳಿ ಬಂದು ಒಪ್ಪಿದರು, ಆದರೆ ಒಂದು ಷರತ್ತಿನೊಂದಿಗೆ. ತಂದೆ ಮಾತಾಡಲಿ, ಆದರೆ ಬಾಯಿಪಾಠ ಒಪ್ಪಿಸಿ ಇಳಿಯುವುದಲ್ಲ. ಸಭೆಯಿಂದ ಪ್ರಶ್ನೆ ಬಂದರೆ ಅಲ್ಲೇ, ಕನ್ನಡದಲ್ಲೇ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಹೂವು ಕೊಡುತ್ತಾರೆ, ಶಾಲು ಇಲ್ಲ. ಉಳಿದ ಮಕ್ಕಳ ತಂದೆತಾಯಿ ನಾಳೆ ಬಂದು ಕೇಳಬಾರದಲ್ಲ ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಒಪ್ಪಿದೆ.

ಆ ಮೇಲೆ ನಮ್ಮ ಅಡಿಗೆಮನೆ ಶಾಲೆಯಾಯಿತು. ಹೆಂಡತಿ ರೊಟ್ಟಿ ಬಡಿಯುವಾಗ ನಾನು ಮತ್ತು ಮಗಳು ಎದುರುಬದುರು ಕೂರುತ್ತಿದ್ದೆವು. ಅವಳು ಹಿಂದಿಯಲ್ಲಿ ಹೇಳುತ್ತಿದ್ದಳು, ನಾನು ಅದನ್ನು ಕನ್ನಡ ಮಾಡಿ ತಿರುಗಿ ಅವಳಿಗೇ ಒಪ್ಪಿಸುತ್ತಿದ್ದೆ.

ನಮ್ಮ ಮೈಯಲ್ಲಿ ಕೋಟಿಗಟ್ಟಲೆ ಜೀವಕೋಶಗಳಿವೆ. ಒಂದೊಂದೂ ಒಂದು ಕೋಣೆ ಎಂದುಕೊಳ್ಳಿ. ಕೋಣೆಗೆ ತೆಳ್ಳಗಿನ ಗೋಡೆ. ಹೊರಗೆ ಉಪ್ಪಿನ ನೀರು, ಅದರಲ್ಲಿ ಉಪ್ಪಿನ ಕಣಗಳು. ಆ ಕಣಗಳು ಸುಮ್ಮನೆ ಕಣಗಳಲ್ಲ, ಅವು ಕರೆಂಟು ಹೊತ್ತುಕೊಂಡಿವೆ. ಅವಕ್ಕೆ ಅಯಾನು ಎನ್ನುತ್ತಾರೆ. ಗೋಡೆ ದಾಟಿ ಒಳಗೆ ಬರಲು ಅವಕ್ಕೆ ಅಲ್ಲಲ್ಲಿ ಚಿಕ್ಕ ಬಾಗಿಲುಗಳಿವೆ.

"ಎಂಥಾ ಬಾಗಿಲು? ಎರಡು ಕದದ್ದೋ, ಒಂದು ಕದದ್ದೋ?" ನಾನು ಕೇಳಿದೆ.

ಮಗಳು ಸ್ವಲ್ಪ ಯೋಚಿಸಿದಳು. "ಶಟರ್ ಸಮಝೋ, ಪಪ್ಪಾ."

ಶಟರ್ ಎಂದುಕೊಳ್ಳಬೇಕಂತೆ. ಅಲ್ಲಿಂದ ನನಗೆ ದಾರಿ ಸಿಕ್ಕಿತು. ಗೋಡೆಯ ಒಳಗಿನ ಹೊರಗಿನ ಕರೆಂಟಿನಲ್ಲಿ ವ್ಯತ್ಯಾಸವಾದರೆ ಅದು ಎತ್ತುವ ಕೈ. ಬಾಗಿಲಲ್ಲೇ ಆ ವ್ಯತ್ಯಾಸ ತಿಳಿಯುವ ಒಂದು ಭಾಗವಿದೆ, ಅದು ಸ್ಪ್ರಿಂಗು. ಕೈ ಸನ್ನೆ ಕೊಟ್ಟೊಡನೆ ಸ್ಪ್ರಿಂಗು ಎಳೆಯುತ್ತದೆ, ಶಟರ್ ಏಳುತ್ತದೆ, ಉಪ್ಪಿನ ಕಣಗಳು ಒಳಕ್ಕೆ ನುಗ್ಗುತ್ತವೆ, ಕಣ್ಣು ಮಿಟುಕಿಸುವುದರೊಳಗೆ ಶಟರ್ ತಾನೇ ಬೀಳುತ್ತದೆ. ಒಂದು ಶಟರ್ ಎದ್ದರೆ ಅದರ ಗದ್ದಲಕ್ಕೆ ಪಕ್ಕದ ಶಟರ್ ಏಳುತ್ತದೆ, ಅದಕ್ಕೆ ಅದರ ಪಕ್ಕದ್ದು. ಬೆಳಿಗ್ಗೆ ಬಜಾರು ತೆರೆಯುತ್ತದಲ್ಲ, ಒಬ್ಬನ ಸದ್ದು ಕೇಳಿ ಇನ್ನೊಬ್ಬ ಎತ್ತುತ್ತ ಎತ್ತುತ್ತ ಬೀದಿಯ ಆ ತುದಿಯವರೆಗೆ, ಹಾಗೆ. ಕಾಲಿಗೆ ಮೊಳೆ ಚುಚ್ಚಿದರೆ ನರದ ಉದ್ದಕ್ಕೂ ಹೀಗೆ ಶಟರ್ ಏಳುತ್ತ ಸುದ್ದಿ ತಲೆಗೆ ಮುಟ್ಟುತ್ತದೆ. ಆಗ ನಾವು "ಅಯ್ಯೋ" ಎನ್ನುತ್ತೇವೆ.

ಜೇಡದ ವಿಷ ಈ ಶಟರಿಗೆ ಕೈ ಹಾಕುತ್ತದೆ. ಅದು ಒಂದೇ ವಿಷವಲ್ಲ, ಒಂದೊಂದು ಜೇಡದ ಹನಿಯಲ್ಲೂ ಹತ್ತಾರು ಬಗೆ. ಕೆಲವು ಶಟರನ್ನು ಎತ್ತಿ ಹಿಡಿದು ಬೀಳಲು ಬಿಡುವುದಿಲ್ಲ, ಆಗ ಉರಿ ನೋವು. ಕೆಲವು ಏಳಲು ಬಿಡುವುದಿಲ್ಲ, ಆಗ ಜೇಡದ ಬಲೆಗೆ ಬಿದ್ದ ಹುಳ ಕೈಕಾಲು ಆಡಿಸಲಾರದೆ ಬೀಳುತ್ತದೆ. ನನ್ನ ಮಗಳು ಹಿಡಿದದ್ದು ಏಳಲು ಬಿಡದಂಥ ಒಂದು ವಿಷವನ್ನು, ಅದೂ ನೋವಿನ ಸುದ್ದಿ ಒಯ್ಯುವ ಒಂದು ಬಾಗಿಲ ಮೇಲೆ. ಆ ವಿಷ ಒಂದು ಸಣ್ಣ ಸರಪಳಿಯಂತೆ. ತನ್ನಷ್ಟಕ್ಕೆ ಮಡಚಿಕೊಂಡು ಮೂರು ಕಡೆ ಗಂಧಕದ ಬೆಸುಗೆ ಹಾಕಿಕೊಂಡಿರುತ್ತದೆ. ಅದಕ್ಕೇ ಬೇಗ ಹಾಳಾಗುವುದಿಲ್ಲ. ಬೆಸುಗೆ ಎಂದರೆ ನನಗೆ ಹೇಳಿಕೊಡಬೇಕೇ! ಮೂರು ಕಡೆ ಟಾಕಾ ಹೊಡೆದ ಪಟ್ಟಿ ಯಾಕೆ ಬಿಚ್ಚೀತು?

ನನ್ನ ಹೆಂಡತಿ ಇದನ್ನೆಲ್ಲ ರೊಟ್ಟಿ ಬಡಿಯುತ್ತಲೇ ಕೇಳಿದಳು. ಮರುದಿನದಿಂದ ಕಸಬರಿಗೆಯನ್ನು ಮೂಲೆಯ ಜೇಡರಬಲೆಗೆ ಮುಟ್ಟಿಸುವುದನ್ನೇ ನಿಲ್ಲಿಸಿಬಿಟ್ಟಳು. ಕೇಳಿದರೆ, "ಮಗಳನ್ನ ಡಾಕ್ಟರ್ ಮಾಡಿದ್ ಹುಳ ಅದ, ಇರ್ಲಿ ಬಿಡ್ರಿ," ಎಂದಳು. ಇವತ್ತಿಗೂ ನಮ್ಮ ದೇವರ ಮಾಡದ ಮೇಲೆ ಒಂದು ದೊಡ್ಡ ಬಲೆ ಇದೆ. ಬಂದವರಿಗೆ ನಾವು ಕಾರಣ ಹೇಳುವುದಿಲ್ಲ.

ಕಣ್ಣಾರೆ ನೋಡದೆ ಮಾತಾಡುವುದು ನನ್ನ ಜಾಯಮಾನವಲ್ಲ. ಒಂದು ಶನಿವಾರ ಮಗಳ ಜೊತೆ ಅವಳ ಲ್ಯಾಬಿಗೆ ಹೊರಟೆ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಖಾರಘರ. ಘಣಸೋಲಿ ದಾಟುವಾಗ ಕಿಟಕಿಯಿಂದ ನಾನು ಮಾಡಿದ ಗೋದಾಮಿನ ಶಟರುಗಳನ್ನು ತೋರಿಸಿದೆ. "ಪತಾ ಹೈ ಪಪ್ಪಾ, ಹರ್ ಬಾರ್ ದಿಖಾತೇ ಹೋ," ಎಂದಳು. ಪ್ರತಿ ಸಲ ತೋರಿಸುತ್ತೇನಂತೆ. ಹೌದು, ತೋರಿಸುತ್ತೇನೆ.

ಲ್ಯಾಬಿನೊಳಗೆ ಹೋಗಿ ಮೊದಲು ಕೇಳಿದ್ದು, "ಜ್ಯಾಡ ಎಲ್ಲಿ?"

ಜೇಡ ಇರಲಿಲ್ಲ. ಒಂದೂ ಇರಲಿಲ್ಲ. ಫ್ರಿಜ್ಜಿನಲ್ಲಿ ಬೆರಳಿನುದ್ದದ ಒಂದು ಶೀಶೆ, ಅದರ ತಳದಲ್ಲಿ ಚಿಟಿಕೆ ಬಿಳಿ ಪುಡಿ. ಜೇಡದ ವಿಷದಲ್ಲಿ ಏನಿದೆ ಎಂದು ಗೊತ್ತಾದ ಮೇಲೆ ಅದನ್ನು ಮಷೀನಿನಲ್ಲೇ ತಯಾರಿಸುತ್ತಾರಂತೆ. ನನಗೆ ನಿರಾಸೆಯಾಯಿತು. ಇಷ್ಟು ದಿನ ಊರಿಗೆಲ್ಲ ನನ್ನ ಮಗಳು ಜೇಡದ ಹಾಲು ಕರೆಯುತ್ತಾಳೆ ಎಂದು ಹೇಳಿಕೊಂಡು ತಿರುಗಿದ್ದೆ. ಪುಡಿಯ ವಿಷಯವನ್ನು ನಾನು ಈಗಲೂ ಎಲ್ಲರಿಗೂ ಹೇಳುವುದಿಲ್ಲ.

ಆದರೆ ಅವಳ ಮೇಜು ನೋಡಿ ನಿರಾಸೆ ಹಾರಿಹೋಯಿತು. ಕಬ್ಬಿಣದ ಆ ದೊಡ್ಡ ಮೇಜು ಗಾಳಿಯ ಮೇಲೆ ತೇಲುತ್ತಿತ್ತು. ಪಕ್ಕದಲ್ಲಿ ಯಾರು ನಡೆದರೂ ಅಲುಗಬಾರದೆಂದು ಹಾಗೆ. ಅದರ ಮೇಲೆ ಸೂಕ್ಷ್ಮದರ್ಶಕ. ಕೂದಲಿಗಿಂತ ಸಣ್ಣ ಮೊನೆಯ ಗಾಜಿನ ನಳಿಗೆಯನ್ನು ಅವಳು ಉಸಿರು ಬಿಗಿ ಹಿಡಿದು ಇಳಿಸಿ, ತಟ್ಟೆಯಲ್ಲಿ ಬೆಳೆಸಿದ ಒಂದೇ ಒಂದು ಜೀವಕೋಶದ ಗೋಡೆಗೆ ತಾಗಿಸಿದಳು. ಮೃದುವಾಗಿ ಗಾಳಿ ಹೀರಿ ಅದನ್ನು ಕಚ್ಚಿ ಹಿಡಿದಳು. ಪರದೆಯ ಮೇಲೆ ಒಂದು ಗೆರೆ ನೇರವಾಗಿ ಓಡುತ್ತಿತ್ತು. ಅವಳು ಕೀಲಿ ಒತ್ತಿ ಕರೆಂಟಿನ ಸನ್ನೆ ಕೊಟ್ಟಳು. ಗೆರೆ ಫಕ್ಕನೆ ಕೆಳಗೆ ಗುಂಡಿ ಬಿದ್ದು ಮತ್ತೆ ಮೇಲೆದ್ದಿತು.

"ಯೇ ದೇಖೋ. ದರ್ವಾಜೇ ಖುಲೇ."

ಬಾಗಿಲು ತೆರೆದವು. ಒಳಗೆ ನುಗ್ಗಿದ ಉಪ್ಪು ಆ ಗುಂಡಿ. ಮತ್ತೆ ಒತ್ತಿದಳು, ಮತ್ತೆ ಗುಂಡಿ. ಆಮೇಲೆ ಆ ಪುಡಿ ಕರಗಿಸಿದ ನೀರನ್ನು ತಟ್ಟೆಗೆ ಬಿಟ್ಟಳು. ಒತ್ತಿದಳು. ಗುಂಡಿಯ ಆಳ ಕಡಿಮೆಯಾಯಿತು. ಒತ್ತಿದಳು, ಇನ್ನೂ ಕಡಿಮೆ. ಕೊನೆಗೆ ಗೆರೆ ಗುಂಡಿ ಬೀಳದೆ ನೇರವಾಗಿ ಓಡಿತು. ಕಣ್ಣಿಗೆ ಕಾಣದ ಶಟರುಗಳನ್ನು ನನ್ನ ಮಗಳು ಒಂದೊಂದಾಗಿ ಏಳದಂತೆ ಕೂರಿಸಿಬಿಟ್ಟಿದ್ದಳು.

"ಸತ್ತುಹೋತೇನು?" ಪಿಸುಗುಟ್ಟಿದೆ.

"ನಹೀ ಪಪ್ಪಾ. ಪಕಡ್ ಕೇ ರಖಾ ಹೈ." ಹಿಡಿದಿಟ್ಟಿದೆಯಷ್ಟೇ. ಆಮೇಲೆ ಬರೀ ಉಪ್ಪಿನ ನೀರು ಬಿಟ್ಟು ತೊಳೆದಳು. ಸ್ವಲ್ಪ ಹೊತ್ತಿಗೆ ಗುಂಡಿ ಮೆಲ್ಲಗೆ ಮತ್ತೆ ಬೀಳತೊಡಗಿತು. ತಿರುಗಿ ನೋಡಿ, "ಅಭೀ ಏಕ್ ಔರ್ ಚೀಜ್ ದಿಖಾತೀ ಹೂಂ," ಎಂದಳು. ಇನ್ನೊಂದು ತೋರಿಸುವುದಿದೆಯಂತೆ. ನಾನು ಆಗಲೇ ಎದ್ದು ನಿಂತಿದ್ದೆ. ನನ್ನ ತಲೆಯಲ್ಲಿ ವಾರ್ಷಿಕೋತ್ಸವ ನಡೆಯುವ ಸಭಾಂಗಣದ ಶಟರ್ ಗಡಗಡ ಎನ್ನುತ್ತಿತ್ತು. "ತಿಳೀತು ತಿಳೀತು. ಗಾಡಿ ತಪ್ಪತದ, ನಡಿ," ಎಂದೆ.

ಸಂಘ ಬಾಡಿಗೆಗೆ ಹಿಡಿಯುವ ಆ ಸಭಾಂಗಣದ ಒಂದು ಬದಿಗೆ ಅಗಲವಾದ ಶಟರಿದೆ. ಅದರ ಆಚೆ ಊಟದ ಜಾಗ. ಬಹಳ ಹಿಂದೆ ಅದನ್ನು ಕೂರಿಸಿದವನು ನಾನೇ. ವಾರ್ಷಿಕೋತ್ಸವದ ಮಧ್ಯಾಹ್ನ ಸಭಾಂಗಣದ ಮಾಲೀಕರಿಗೆ ಹೇಳಿ, ಏಣಿ ಹಾಕಿ ಸ್ಪ್ರಿಂಗಿನ ಬಿಗಿ ಇಳಿಸಿ ಬಂದೆ. ಒಬ್ಬ ಮನುಷ್ಯ ಎತ್ತಲಾಗದಷ್ಟು. ಕಾರ್ಯದರ್ಶಿಗೆ ಹೇಳಲಿಲ್ಲ.

ಸಂಜೆ ಸಭಾಂಗಣ ತುಂಬಿತು. ಮಕ್ಕಳ ನೃತ್ಯ, ಭಾಷಣ ಮುಗಿದವು. ಶಟರಿನ ಆಚೆಯಿಂದ ಸಾರಿನ ಒಗ್ಗರಣೆ ವಾಸನೆ ಬರತೊಡಗಿತ್ತು. ನನ್ನನ್ನು ಕರೆದರು. ಮಗಳು ಅವರವ್ವನ ಪಕ್ಕ ಮೂರನೇ ಸಾಲಿನಲ್ಲಿ ಕೂತಿದ್ದಳು. ಅಷ್ಟು ಮುಂದೆ ನಮ್ಮವರು ಕೂತದ್ದು ಅದೇ ಮೊದಲು.

ಮೈಕ್ ಕೈಗೆ ತೆಗೆದುಕೊಂಡು ವೇದಿಕೆ ಇಳಿದು ಶಟರಿನ ಹತ್ತಿರ ಹೋಗಿ ನಿಂತೆ. ಕೋಣೆ, ಗೋಡೆ, ಉಪ್ಪು, ಬಜಾರು ಎಲ್ಲ ಹೇಳಿದೆ. ಒಮ್ಮೆಯೂ ತಡವರಿಸಲಿಲ್ಲ. ಬಜಾರಿನ ಮಾತಿಗೆ ಸಭೆಯವರೆಲ್ಲ ತಲೆದೂಗಿದರು, ಅಲ್ಲಿದ್ದವರಲ್ಲಿ ಅರ್ಧ ಜನ ಬೆಳಿಗ್ಗೆ ಶಟರ್ ಎತ್ತುವವರೇ. ಆಮೇಲೆ ಶಟರಿನ ಪಕ್ಕದ ಪಟ್ಟಿಯ ತೂತಿಗೆ ಒಂದು ಬೋಲ್ಟ್ ಹಾಕಿ ಕಾರ್ಯದರ್ಶಿಗಳನ್ನು ಕರೆದೆ.

"ಎತ್ತರೀ."

ಅವರು ಪಂಚೆ ಮೇಲೆ ಕಟ್ಟಿ ಎಳೆದರು. ಅಲುಗಲಿಲ್ಲ. "ಇದು ಮೀನಿನ ವಿಷ. ಮೈ ಉಬ್ಬಿಸ್ಕೊಳ್ಳೋ ಒಂದು ಮೀನ ಅದ. ಅದರ ವಿಷ ಹಿಂಗ ಬಾಗಿಲಿಗೇ ಬೆಣೆ ಹೊಡೀತದ," ಎಂದೆ. ಬೋಲ್ಟ್ ತೆಗೆದು ಎಲ್ಲರಿಗೂ ಎತ್ತಿ ತೋರಿಸಿದೆ. "ಈಗ ಬೆಣಿ ಇಲ್ಲ. ಎತ್ತರೀ."

ಮತ್ತೆ ಎಳೆದರು. ಮುಖ ಕೆಂಪಾಯಿತು, ಶಟರ್ ಏಳಲಿಲ್ಲ.

"ಇದು ಜ್ಯಾಡದ ವಿಷ," ಎಂದೆ. "ಬಾಗಿಲಿಗೆ ಕೈ ಹಚ್ಚೂದಿಲ್ಲ. ಹೋಗಿ ಸ್ಪ್ರಿಂಗ್ ಹಿಡ್ಕೊಂತದ. ಬಾಗಿಲ ಬಂದ್. ನೋವು ಬಂದ್. ಮುಗೀತು."

ಚಪ್ಪಾಳೆ ಬಿತ್ತು. ನಾನು ಮೈಕ್ ಕೆಳಗಿಳಿಸಿದೆ. ಕಾರ್ಯದರ್ಶಿಗಳು ಬೆವರು ಒರೆಸಿಕೊಂಡು ಅಲ್ಲೇ ನಿಂತಿದ್ದರು. ಅವರು ಹೋಟೆಲ್ ನಡೆಸುವವರು, ಒಂದು ಪ್ಲೇಟಿಗೂ ಇನ್ನೊಂದು ಪ್ಲೇಟಿಗೂ ಇರುವ ವ್ಯತ್ಯಾಸ ಕಣ್ಣಳತೆಯಲ್ಲೇ ಕಾಣುವವರು.

"ಅಲ್ಲ ಮಾರಾಯ್ರೆ, ಒಂದು ಡೌಟು. ಮೀನಿನದ್ದರಲ್ಲೂ ಬಾಗಿಲು ಬಂದ್, ಜೇಡದ್ದರಲ್ಲೂ ಬಂದ್. ನನಗೆ ಎರಡು ಸಲವೂ ಸೊಂಟ ನೋವೇ ಬಂದದ್ದು. ಹಾಗಾದ್ರೆ ವ್ಯತ್ಯಾಸ ಎಂತದು? ನಿಮ್ಮ ಮಗಳು ಹೊಸತು ಕಂಡದ್ದು ಎಂತದು?"

ಸಭೆ ನಕ್ಕಿತು. ನಾನೂ ನಕ್ಕೆ. ನಗು ನಿಂತಿತು. ಒಬ್ಬ ಮನುಷ್ಯ ಎತ್ತಲಾರದ ಶಟರ್ ನಮ್ಮ ಕಸುಬಿನಲ್ಲಿ ಮುಚ್ಚಿದ ಶಟರೇ. ಬೆಣೆಯಿಂದ ಮುಚ್ಚಲಿ, ಸ್ಪ್ರಿಂಗಿನಿಂದ ಮುಚ್ಚಲಿ, ಗಿರಾಕಿ ಬಂದು ಹೇಳುವುದು ಶಟರ್ ಬಂದ್ ಆಗಿದೆ ಅಂತಲೇ. ವ್ಯತ್ಯಾಸವಿದೆ ಎಂದು ನನ್ನ ಕೈಗೆ ಗೊತ್ತಿತ್ತು, ಆದರೆ ಬಾಯಿಗೆ ಸಿಗಲಿಲ್ಲ. ಕೈಯಲ್ಲಿದ್ದ ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದೆ. ವೇದಿಕೆಯ ಮೇಲಿನ ತಟ್ಟೆಯಲ್ಲಿ ಶಾಲು ಮಡಚಿ ಇಟ್ಟಿತ್ತು.

"ಹಂಗಲ್ಲಪಾ ಅದು."

ಮೂರನೇ ಸಾಲಿನಿಂದ. ಧ್ವನಿ ನನ್ನ ಹೆಂಡತಿಯದೇ ಎಂದು ಒಂದು ಕ್ಷಣ ಅನ್ನಿಸಿತು, ಅದೇ ಎಳೆತ, ಅದೇ ಅಡಿಗೆಮನೆ. ನೋಡಿದರೆ ಹೆಂಡತಿ ಕೂತಿದ್ದಳು. ನಿಂತವಳು ಮಗಳು.

"ನೀ ಹೇಳಿದ್ದು ತಪ್ಪ್ ಅದ," ಎಂದಳು. ಯಾರೋ ಹಿಂದೆ ಕಿಸಕ್ಕೆಂದರು. ಅವಳು ಕೂರಲಿಲ್ಲ. ಸಾಲು ದಾಟಿ ನಡೆದು ನನ್ನ ಹತ್ತಿರವೇ ಬಂದಳು, ಮೈಕ್ ತೆಗೆದುಕೊಂಡಳು. "ಬಾಗಿಲ ಬಂದ್ ಆಗಿಲ್ಲ. ವಜ್ಜ ಆಗೇದ. ವಜ್ಜ ಅಂದ್ರ... ಭಾರೀ. ನಮ್ಮಪ್ಪ ಎಲ್ಲಾರಿಗೂ ಹೇಳ್ತಾರ, ಜೋರ್ ಹಾಕಬ್ಯಾಡ್ರಿ ಅಂತ. ಸಣ್ಣಾಕಿ ಇದ್ದಾಗಿಂದ ನನಗೂ ಹೇಳ್ಯಾರ. ಅದಕ್ಕ ಅವರಿಗೆ ಇದು ಹೊಳೀಲಿಲ್ಲ. ನಾ ಜೋರ್ ಹಾಕಿ ನೋಡೀನಿ. ಅದೇ ನನ್ನ ಥೀಸಿಸ್."

ಕಾರ್ಯದರ್ಶಿಗಳ ಕಡೆ ತಿರುಗಿದಳು. "ಅಂಕಲ್, ನೀವೂ ಇನ್ನಾ ಮೂರ್ ಮಂದೀನೂ ಬರ್ರಿ."

ನಾಲ್ವರು ಬಂದು ಬಗ್ಗಿ ಹಿಡಿದರು. ನನ್ನ ಗಂಟಲಿಗೆ ಬಂದಿತ್ತು, ಜೋರ್ ಹಾಕಬ್ಯಾಡ್ರಿ ಎಂದು. ನುಂಗಿಕೊಂಡೆ. "ಹೂಂ," ಎಂದಳು ಮಗಳು. ಶಟರ್ ಕಿರ್ರೆಂದಿತು, ಗೇಣು ಎದ್ದಿತು, ಮೊಳಕಾಲವರೆಗೆ ಎದ್ದಿತು. ಅದರ ಕೆಳಗಿನಿಂದ ಆಚೆಯ ದೀಪದ ಬೆಳಕೂ ಸಾರಿನ ವಾಸನೆಯೂ ಒಟ್ಟಿಗೆ ಒಳಗೆ ನುಗ್ಗಿದವು. ಬಡಿಸುವವರ ಕಾಲುಗಳು ಕಂಡವು. ಸಭೆಯಲ್ಲಿ ಶಿಳ್ಳೆ.

"ಜ್ಯಾಡದ ವಿಷ ಹಿಂಗ," ಎಂದಳು. "ಸಣ್ಣ ಕರೆಂಟಿಗೆ ತೆರಿಯೂದಿಲ್ಲ, ದೊಡ್ಡ ಕರೆಂಟಿಗೆ ತೆರೀತದ. ಭಾಳ ಜೋರ್ ಹಾಕಿದ್ರ ವಿಷಾನೇ ಕೈ ಬಿಡ್ತದ. ಮೀನಿಂದು ಹಂಗಲ್ಲ, ಹತ್ ಮಂದಿ ಎತ್ತಿದ್ರೂ ಏಳೂದಿಲ್ಲ. ಮುಂದ ಯಾರರೆ ಇದರಿಂದ ನೋವಿಗೆ ಔಷಧ ಮಾಡ್ತೀವಿ ಅಂದ್ರ, ಇದು ಎಷ್ಟ್ ಜೋರಿಗೆ ಬಿಡ್ತದ ಅನ್ನೂದು ಮೊದಲ ಗೊತ್ತಿರಬೇಕು. ಅದನ್ನ ನಾ ಅಳದೀನಿ. ಔಷಧ ಇನ್ನಾ ಆಗಿಲ್ಲ, ದೂರ ಅದ."

ಅಷ್ಟು ಹೇಳಿ ಉಸಿರು ಬಿಟ್ಟಳು. ನಾಲ್ವರು ಶಟರ್ ಹಿಡಿದುಕೊಂಡೇ ನಿಂತಿದ್ದರು.

"ಮಗಾ, ಉತ್ತರ ಸಿಕ್ಕಿತು, ನಾವು ಇನ್ನು ಬಿಡುದಾ?" ಕಾರ್ಯದರ್ಶಿಗಳು ಬಗ್ಗಿದಲ್ಲಿಂದಲೇ ಕೂಗಿದರು. ಆಗ ಬಿದ್ದ ನಗುವಿಗೆ, ಆ ಹಳೆಯ ರಸಪ್ರಶ್ನೆಯ ದಿನದ ನಗು ಎಲ್ಲೋ ಕೊಚ್ಚಿಹೋಯಿತು. ಈ ಸಲ ಅವಳೂ ನಗುತ್ತಿದ್ದಳು.

ಸಭೆಯಲ್ಲಿ ನನ್ನ ಮಾತು ತಪ್ಪು ಎಂದು ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಹೇಳಿದ್ದರೆ ನಾನು ಸುಮ್ಮನೆ ಬಿಡುವವನೂ ಅಲ್ಲ. ಅವತ್ತು ನನ್ನ ಎದೆ ಹಿಗ್ಗಿದ್ದು ನೋಡಬೇಕಿತ್ತು. ಶಾಲು ಹೊದಿಸುವಾಗ ಕಾರ್ಯದರ್ಶಿಗಳು ಮೈಕಿನಲ್ಲಿ, "ಷರತ್ತು ತಂದೆಗೆ ಹಾಕಿದ್ದೆವು, ಗೆದ್ದದ್ದು ಮಗಳು. ಉತ್ತರ ಕನ್ನಡದಲ್ಲೇ ಬಂದಿದೆ, ಯಾವ ತಕರಾರೂ ಇಲ್ಲ," ಎಂದರು. ಮಗಳು ಆ ಶಾಲನ್ನು ಅಲ್ಲೇ ತೆಗೆದು ಅವರವ್ವನಿಗೆ ಹೊದಿಸಿದಳು. ಮಾತು ಅವಳಿಗೆ ಬಂದದ್ದು ಅಲ್ಲಿಂದಲೇ ತಾನೆ. ನನಗೇನೂ ಬೇಸರವಾಗಲಿಲ್ಲ.

ಊಟಕ್ಕೆ ಮೊದಲು ನಾನು ಏಣಿ ತರಿಸಿದೆ. ಎಲ್ಲರೂ ಪಕ್ಕದ ಬಾಗಿಲಿನಿಂದ ಸುತ್ತಿ ಹೋಗುವುದು ನನ್ನ ಶಟರಿಗೆ ಅವಮಾನ. ಮೇಲೆ ಹತ್ತಿ ಪಾನಾ ಹಾಕಿ ಸ್ಪ್ರಿಂಗಿಗೆ ಬಿಗಿ ಕೊಡುತ್ತಿದ್ದಾಗ ಕೆಳಗೆ ಏಣಿ ಹಿಡಿದ ಮಗಳು ಮತ್ತೆ ತನ್ನ ಹಿಂದಿಗೆ ಇಳಿದಿದ್ದಳು. "ಪಪ್ಪಾ, ಉಸ್ ದಿನ್ ಏಕ್ ಔರ್ ಚೀಜ್ ದಿಖಾನೇ ವಾಲೀ ಥೀ ನಾ. ಯಹೀ ಥೀ." ಅವತ್ತು ಲ್ಯಾಬಿನಲ್ಲಿ ತೋರಿಸಬೇಕೆಂದಿದ್ದದ್ದು ಇದನ್ನೇ ಅಂತೆ.

"ಗಾಡಿ ತಪ್ಪತಿತ್ತು," ಎಂದೆ.

"ಹಾಂ, ಗಾಡಿ," ಎಂದಳು.

ಕ್ಲಾಂಪು ಬಿಗಿದು ಇಳಿದೆ. ಪರೀಕ್ಷೆ ಮಾಡಲು ಬಗ್ಗಿದ ಕಾರ್ಯದರ್ಶಿಗಳನ್ನು ತಡೆದು ಹೆಂಡತಿಯನ್ನು ಕರೆದೆ. ಮದುವೆಯಾದಾಗಿನಿಂದ ಅವಳು ನನ್ನ ಒಂದೂ ಶಟರನ್ನು ಮುಟ್ಟಿದವಳಲ್ಲ. ಹೆಗಲ ಮೇಲಿನ ಶಾಲು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಹಿಡಿಕೆಯನ್ನು ಮೆಲ್ಲಗೆ ಎತ್ತಿದಳು. ಶಟರ್ ಅವಳ ಕೈ ಬಿಟ್ಟು ತಾನೇ ಗಡಗಡನೆ ಮೇಲಕ್ಕೆ ಹೋಯಿತು.

"ವಿಷ ಇಳೀತು ನೋಡ್ರಿ," ಎಂದಳು ಮಗಳು, ಎಲ್ಲರಿಗೂ ಕೇಳುವಂತೆ. ಜನ ಊಟಕ್ಕೆ ನುಗ್ಗಿದರು.